ಮಾರಿಕಣಿವೆಗೆ ನೀರು ನೋಡಲು

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯವರು ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಟರೆಂದರೆ ಒಂದೋ ಜಾತ್ರೆಗೆ, ಇಲ್ಲವೇ ನೀರು ನೋಡಲು. ಜಾತ್ರೆ ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ನೀರಿನ ಮಾತು ಹಾಗಲ್ಲ. 2022ರ ಸೆಪ್ಟೆಂಬರ್ ಮೊದಲ ವಾರ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಈ ಭಾಗದ ಟೆಂಪೊ, ಬೈಕುಗಳೆಲ್ಲ ಅತ್ತ ತಿರುಗಿದವು. ಅದಕ್ಕೆ ಮೊದಲು ಆ ಜಲಾಶಯ ತುಂಬಿ ಹರಿದದ್ದು 1933ರಲ್ಲಿ. ನಡುವೆ 89 ವರ್ಷ. ಅಜ್ಜಂದಿರು ಬಾಯಲ್ಲಿ ಹೇಳಿದ್ದನ್ನು ಮೊಮ್ಮಕ್ಕಳು ಕಣ್ಣಾರೆ ಕಂಡರು.

ನಾವು ಐದು ಮಂದಿ ಗೆಳೆಯರು ಚಿತ್ರಾನ್ನ, ಶೇಂಗಾ ಚಟ್ನಿಪುಡಿ ಕಟ್ಟಿಸಿಕೊಂಡು ಮೊಳಕಾಲ್ಮುರಿನಿಂದ ಹೊರಟದ್ದು ಬೆಳಗಿನ ಆರಕ್ಕೆ. ದಾರಿ ನೂರು ಕಿಲೋಮೀಟರಿಗೂ ಹೆಚ್ಚು. ಅವಸರವಿರಲಿಲ್ಲ, ಕಂಡಲ್ಲಿ ಇಳಿಯುವುದು, ಚಹಾ ಕುಡಿಯುವುದು, ಮತ್ತೆ ಹೊರಡುವುದು.

ಹೊರಡುವ ಊರೇ ಇತಿಹಾಸದ ಊರು. ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವುಗಳನ್ನು 1892ರಲ್ಲಿ ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ದಾರಿಯಲ್ಲಿ ಬಾವಿ ತೋಡಿಸಿದ್ದನ್ನು, ಮರ ನೆಡಿಸಿದ್ದನ್ನು ಅಶೋಕ ಬೇರೆ ಕಡೆಯ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. ಇಲ್ಲಿಯ ಬಂಡೆಗಳ ಮೇಲೆ ಮಾತ್ರ ತಂದೆತಾಯಿಯ, ಗುರುಹಿರಿಯರ ಮಾತು ಕೇಳಿರೆಂದು ಬುದ್ಧಿ ಹೇಳಿಸಿದ್ದಾನೆ. ಬಾವಿಯ ಮಾತು ಬೇಕಾಗಿದ್ದುದು ಇಲ್ಲಿಗೇ ಅಲ್ಲವೇ ಎಂದು ಗೆಳೆಯನೊಬ್ಬ ನಕ್ಕ.

ಹಾನಗಲ್ ದಾಟಿದರೆ ತಳಕು. ಕುವೆಂಪು ಅವರ ಗುರು, 'ಶ್ರೀ ರಾಮಾಯಣ ದರ್ಶನಂ' ಕಾವ್ಯ ಅರ್ಪಿತವಾದ ಟಿ.ಎಸ್. ವೆಂಕಣ್ಣಯ್ಯನವರ ಊರು ಇದು. ಕಾದಂಬರಿಕಾರ ತ.ರಾ.ಸು. ಅವರ ಹೆಸರಿನ ಮೊದಲ ಅಕ್ಷರವೂ ಇದೇ ಊರಿನದು. ಇಲ್ಲಿಂದ ಪಶ್ಚಿಮಕ್ಕೆ ಹೋದರೆ ನಾಯಕನಹಟ್ಟಿ. ಅಲ್ಲಿಯ ತಿಪ್ಪೇರುದ್ರಸ್ವಾಮಿಗಳು ಜನರನ್ನು ಕೂಡಿಸಿ ಐದು ಕೆರೆ ಕಟ್ಟಿಸಿದರೆಂಬುದು ಈ ಸೀಮೆಯ ನಂಬಿಕೆ. ಸಂತನನ್ನು ಕೆರೆಗಳಿಂದ ನೆನೆಯುವ ಜನರಿಗೆ ನೀರು ಎಂಥ ವಸ್ತುವಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳ ವಾಸನೆ, ಮಂಡಕ್ಕಿ, ಮಿರ್ಚಿ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು. ಶೇಂಗಾ ಇಲ್ಲಿ ನೆಲೆಯಾದದ್ದೂ ಅದರಿಂದಲೇ. ಅಲ್ಲಿಂದ ಹಿರಿಯೂರಿನವರೆಗೆ ಬಯಲೋ ಬಯಲು. ಹಿರಿಯೂರು ದಾಟಿ ಬಲಕ್ಕೆ ತಿರುಗಿದ ಮೇಲೆ ತೆಂಗು, ಅಡಿಕೆ ತೋಟಗಳು ಶುರುವಾದವು. ಅರ್ಧ ಗಂಟೆಯಲ್ಲಿ ಬೇರೊಂದು ನಾಡಿಗೇ ಬಂದಂತಾಯಿತು. ಈ ಹಸಿರಿನ ಹಿಂದೆ ಒಂದು ಬರದ ಕಥೆಯಿದೆ.

1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರ ಮೈಸೂರು ಸಂಸ್ಥಾನವನ್ನು ನಡುಗಿಸಿತು. 1871ರಲ್ಲಿ 50 ಲಕ್ಷದಷ್ಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ವರ್ಷವೇ ಆಡಳಿತ ಒಡೆಯರ ಕೈಗೆ ಮರಳಿತು. 1883ರಲ್ಲಿ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ ಅವರಿಗೆ ಮತ್ತೊಂದು ಬರದ ಹೆದರಿಕೆ ಇದ್ದೇ ಇತ್ತು. ವೇದಾವತಿ ನದಿ ಎರಡು ಗುಡ್ಡಗಳ ಸಂದಿಯಲ್ಲಿ ನುಸುಳುವ ಮಾರಿಕಣಿವೆ ಅಣೆಕಟ್ಟಿಗೆಂದೇ ಇಟ್ಟಂತಿದ್ದ ಜಾಗ. ಅಗಲ ಕಡಿಮೆ, ಹಿಂದೆ ನೀರು ನಿಲ್ಲಲು ವಿಶಾಲವಾದ ತಗ್ಗು. ಕೆಲಸ 1898ರಲ್ಲಿ ಆರಂಭವಾಯಿತು. ಬೆಂಗಳೂರಿಗೆ ಪ್ಲೇಗು ಬಂದ ವರ್ಷ ಅದು. ಹತ್ತನೆಯ ಚಾಮರಾಜೇಂದ್ರ ಒಡೆಯರು 1894ರಲ್ಲಿ ತೀರಿಕೊಂಡಿದ್ದರಿಂದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯ ನಡೆಸುತ್ತಿದ್ದರು. ಜಲಾಶಯಕ್ಕೆ ಅವರದೇ ಹೆಸರು. 1907ರಲ್ಲಿ ಕಟ್ಟೆ ಮುಗಿಯುವ ಹೊತ್ತಿಗೆ ಶೇಷಾದ್ರಿ ಅಯ್ಯರ್ ತೀರಿಕೊಂಡು ಆರು ವರ್ಷವಾಗಿತ್ತು. ಕನ್ನಂಬಾಡಿಯ ಕೆಲಸ ಶುರುವಾದದ್ದೇ 1911ರಲ್ಲಿ ಎಂಬುದನ್ನು ನೆನೆದರೆ ಇದು ಅದಕ್ಕೆ ಅಕ್ಕನಿದ್ದಂತೆ.

ಕಲ್ಲಿನ ಕಟ್ಟೆಯ ಉದ್ದ ಸುಮಾರು 1,330 ಅಡಿ. ನೀರಿನ ಪೂರ್ಣ ಮಟ್ಟ 130 ಅಡಿ. ಆಗ ಹಿಡಿಯುವುದು 30 ಟಿಎಂಸಿ. ಹೆಚ್ಚಾದ ನೀರನ್ನು ಬಿಡಲು ಕನ್ನಂಬಾಡಿಯಲ್ಲಿರುವಂತೆ ಸಾಲು ಗೇಟುಗಳಿಲ್ಲ. ಊರ ಕೆರೆಯಂತೆಯೇ ತುಂಬಬೇಕು, ಕೋಡಿಯಲ್ಲಿ ತಾನಾಗಿ ಹರಿಯಬೇಕು. ಈ ಭಾಗದ ಜನ ಇದನ್ನು ಅಣೆಕಟ್ಟು ಎನ್ನುವುದಕ್ಕಿಂತ ಕೆರೆಯೆಂದೇ ಕಾಣುವುದರಲ್ಲಿ ತಪ್ಪೇನಿಲ್ಲ.

ಹಾಗಾದರೆ 89 ವರ್ಷ ತುಂಬದೇ ಇದ್ದದ್ದೇಕೆ? ಉತ್ತರ ಮೇಲೆ ಚಿಕ್ಕಮಗಳೂರಿನ ಕಡೆ ಇದೆ. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾ ಸಖರಾಯಪಟ್ಟಣದ ಅಯ್ಯನಕೆರೆಯನ್ನು ತುಂಬಬೇಕು. ಆವತಿ ಮದಗದ ಕೆರೆಯನ್ನು ತುಂಬಬೇಕು. ಜನಪದ ಹಾಡಿನಲ್ಲಿ ಮಳೆ ಬಂದದ್ದು ಈ ಕೆರೆಗೇ. ಎರಡೂ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗಿ, ದಾರಿಯ ಇನ್ನೆಷ್ಟೋ ಕೆರೆಕಟ್ಟೆಗಳಿಗೆ ಪಾಲು ಕೊಟ್ಟು ಉಳಿದದ್ದು ಮಾರಿಕಣಿವೆಗೆ. ಪಾತ್ರೆ ದೊಡ್ಡದು, ಬರುವ ಹಾಲು ಕಡಿಮೆ. ಭದ್ರಾ ಮೇಲ್ದಂಡೆ ಯೋಜನೆಯ ನೀರನ್ನು ಪಂಪ್ ಮಾಡಿ ಹರಿಸತೊಡಗಿದ ಮೇಲೆ, ಅದರ ಜತೆಗೆ ಒಳ್ಳೆಯ ಮಳೆಯೂ ಬಂದು 2022ರಲ್ಲಿ ಕೋಡಿ ಬಿತ್ತು. 2025ರ ಜನವರಿಯಲ್ಲಿ ಮತ್ತೊಮ್ಮೆ ಬಿತ್ತು.

ಏರಿಯ ಮೇಲಿನ ಮಂಟಪದಲ್ಲಿ ನಿಂತರೆ ಗುಡ್ಡಗಳ ನಡುವೆ ಕಣ್ಣು ಹೋದಷ್ಟು ನೀರು. ಮೇಲಿನಿಂದ ನೋಡಿದರೆ ಭಾರತದ ಭೂಪಟದಂತೆ ಕಾಣುತ್ತದೆಂದು ಎಲ್ಲರೂ ಹೇಳುತ್ತಾರೆ. ನಮಗೆ ಅಷ್ಟು ಕಲ್ಪನೆ ಸಾಲಲಿಲ್ಲ. ಕಣಿವೆ ಮಾರಮ್ಮನ ಗುಡಿಯ ಮುಂದೆ ಹಣ್ಣುಕಾಯಿಗೆ ಸಾಲು. ಕೋಡಿಯ ಬಳಿ ಸೀರೆ ನೆನೆಯುವುದನ್ನೂ ಲೆಕ್ಕಿಸದೆ ನಿಂತ ಹೆಂಗಸರು. ವಯಸ್ಸಾದವರೊಬ್ಬರು ಯಾರ ಹತ್ತಿರವೂ ಮಾತಾಡದೆ ಬಹಳ ಹೊತ್ತು ನೀರನ್ನೇ ನೋಡುತ್ತ ಕುಳಿತಿದ್ದರು.

ಆದರೆ ಈ ನೀರು ಎಲ್ಲರಿಗೂ ಒಂದೇ ಆಗಿಲ್ಲ. ಅದೇ ಮಳೆಗಾಲದಲ್ಲಿ ಹೊಸದುರ್ಗ ತಾಲ್ಲೂಕಿನಲ್ಲಿ ಹಿನ್ನೀರು ತೋಟಗಳಿಗೆ ನುಗ್ಗಿ, ಕೋಡಿಯ ಎತ್ತರ ತಗ್ಗಿಸಿರೆಂಬ ಕೂಗೆದ್ದಿತು. ಅಚ್ಚುಕಟ್ಟಿನ ಹಿರಿಯೂರಿಗೆ ಎತ್ತರ ಕಡಿಮೆಯಾಗುವುದು ಬೇಡ. ಕೆಳಗಿನ ಚಳ್ಳಕೆರೆಯದು ಇನ್ನೊಂದು ದುಃಖ. ಕಟ್ಟೆ ಬಂದ ಮೇಲೆ ವೇದಾವತಿ ಅಲ್ಲಿಗೆ ಹೆಚ್ಚಿನ ವರ್ಷಗಳಲ್ಲಿ ಬರಿಯ ಮರಳಾಗಿ ಬರುತ್ತಿತ್ತು. ನದಿಗೆ ಒಂದಿಷ್ಟು ಬಿಡಿ, ಬ್ಯಾರೇಜು ತುಂಬಲಿ ಎಂದು ಚಳ್ಳಕೆರೆ ಕೇಳಿದಾಗಲೆಲ್ಲ ಹಿರಿಯೂರಿನಲ್ಲಿ ವಿರೋಧ ಕಾಣಿಸಿಕೊಂಡಿದೆ. ಪಟ್ಟಣದ ಕುಡಿಯುವ ನೀರು ಮಾತ್ರ ಪೈಪಿನಲ್ಲಿ ಇಲ್ಲಿಂದಲೇ ಹೋಗುತ್ತದೆ. ನಮ್ಮ ಮೊಳಕಾಲ್ಮುರು ಈ ಜಗಳದಲ್ಲೇ ಇಲ್ಲ. ಅದರದು ಚಿನ್ನಹಗರಿಯ ದಿಕ್ಕು, ರಂಗಯ್ಯನದುರ್ಗದ ಸಣ್ಣ ಜಲಾಶಯ. ಕುಡಿಯಲು ತುಂಗಭದ್ರೆಯ ಹಿನ್ನೀರಿನತ್ತ ಕಣ್ಣು. ಮಾರಿಕಣಿವೆಗೆ ನಾವು ಬರಿಯ ನೋಡುಗರು.

ಹೋಗುವವರು ಬೆಳಿಗ್ಗೆಯೇ ಹೊರಡುವುದು ಲೇಸು. ಮಧ್ಯಾಹ್ನದ ಬಿಸಿಲಿಗೆ ಏರಿಯ ಕಲ್ಲು ಕಾದು ಕಾಲಿಡಲಾಗದು. ನಾವು ಸಂಜೆ ಐದಕ್ಕೆ ಎದ್ದೆವು. ಗೆಳೆಯನೊಬ್ಬ ತನ್ನ ಅವ್ವನಿಗೆಂದು ಕೋಡಿಯ ನೀರನ್ನು ಬಾಟಲಿಗೆ ತುಂಬಿಕೊಂಡ. ತಳಕಿನ ಹತ್ತಿರ ಕತ್ತಲಾಯಿತು. ಮೊಳಕಾಲ್ಮುರಿನಲ್ಲಿ ಇಳಿಯುವವರೆಗೂ ಆತ ಅದನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದ.