ಶಿಕಾರಿಪುರ ಸೀಮೆಯ ಶಿಲೆಗಳೂ ಶರಣರೂ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕು ಕೆರೆ, ಗದ್ದೆ, ತೋಟಗಳಿಂದ ಕೂಡಿದ ಗ್ರಾಮಸೀಮೆ. ಪೂರ್ವದಲ್ಲಿ ಇದು ಬನವಾಸಿ 12000 ನಾಡಿಗೆ ಸೇರಿತ್ತು. ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ, ಸತ್ಯಕ್ಕನ ಹಿರೇಜಂಬೂರು ಇವು ಮೂರೂ ಈ ಒಂದೇ ತಾಲ್ಲೂಕಿನಲ್ಲಿವೆಯೆಂಬುದು ಪರಂಪರೆಯ ನಂಬಿಕೆ. ಇದು ಕೇವಲ ಆಕಸ್ಮಿಕವೆ? ಇಲ್ಲಿಯ ಶಾಸನಗಳನ್ನು ಅವಲೋಕಿಸಿದರೆ ಹಾಗೆ ತೋರುವುದಿಲ್ಲ.

ತಾಳಗುಂದವು ಶಾಸನಗಳ ಸ್ಥಾಣಕುಂದೂರು. ಅಲ್ಲಿಯ ಪ್ರಣವೇಶ್ವರ ದೇವಾಲಯದ ಮುಂದಿರುವ 5ನೆಯ ಶತಮಾನದ ಕಂಬದ ಮೇಲೆ ಕುಬ್ಜನೆಂಬ ಕವಿಯ ಸಂಸ್ಕೃತ ಕಾವ್ಯವಿದೆ. ವಿದ್ಯಾರ್ಜನೆಗೆಂದು ಕಂಚಿಗೆ ಹೋದ ಮಯೂರಶರ್ಮನು ಪಲ್ಲವರೊಡನೆ ಕಲಹವುಂಟಾಗಿ ಖಡ್ಗ ಹಿಡಿದು ಕದಂಬರಾಜ್ಯವನ್ನು ಸ್ಥಾಪಿಸಿದ ವೃತ್ತಾಂತವನ್ನು ಅದು ಹೇಳುತ್ತದೆ.

ಬಂದಳಿಕೆಯು ನಾಗರಖಂಡ 70ರ ರಾಜಧಾನಿ. 10ನೆಯ ಶತಮಾನದ ಆದಿಭಾಗದಲ್ಲಿ ನಾಳ್ಗಾವುಂಡನಾಗಿದ್ದ ಪತಿ ಮಡಿದಾಗ ಆ ಅಧಿಕಾರವು ಪತ್ನಿ ಜಕ್ಕಿಯಬ್ಬೆಗೆ ದೊರೆಯಿತು. ಆಕೆ ನಾಡನ್ನು ಸಮರ್ಥವಾಗಿ ಆಳಿ, ರೋಗಗ್ರಸ್ತಳಾದಾಗ ಮಗಳಿಗೆ ಹೊಣೆಯನ್ನೊಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದಳು. ಅಕ್ಕನಿಗಿಂತ ಎರಡು ಶತಮಾನಗಳಷ್ಟು ಹಿಂದೆಯೇ ಸ್ತ್ರೀಯ ಸಾಮರ್ಥ್ಯವನ್ನು ಈ ನೆಲ ಶಿಲೆಯಲ್ಲಿ ದಾಖಲಿಸಿತ್ತು.

ಬಳ್ಳಿಗಾವಿಯ ವೈಭವವಂತೂ ಅನುಪಮವಾದುದು. ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳು ಆ ಒಂದೇ ಊರಿನಲ್ಲಿದ್ದವು. 1047ರ ಗಂಡಭೇರುಂಡ ಸ್ತಂಭವೂ ತ್ರಿಕೂಟದ ಕೇದಾರೇಶ್ವರ ದೇವಾಲಯವೂ ಇಂದಿಗೂ ನಿಂತಿವೆ. ಕೆರೆಯ ಕೋಡಿಯ ಬಳಿಯಿದ್ದ ಕಾಳಾಮುಖರ ಕೋಡಿಯಮಠವನ್ನು ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವು ವರ್ಣಿಸುತ್ತದೆ. ಅಲ್ಲಿ ವೇದ, ವ್ಯಾಕರಣ, ಕಾವ್ಯ, ನಾಟಕಗಳಲ್ಲದೆ ಬೌದ್ಧಾದಿ ಪರದರ್ಶನಗಳ ವ್ಯಾಖ್ಯಾನವೂ ನಡೆಯುತ್ತಿತ್ತು. ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನ; ರೋಗಿಗಳಿಗೆ ಔಷಧ; ಭೀತರಿಗೆ ಅಭಯ ದೊರೆಯುತ್ತಿದ್ದವು. ವಿದ್ಯೆಯನ್ನರಸಿ ಕಂಚಿಗೆ ಹೋದವನ ಸೀಮೆಯು ಶತಮಾನಗಳ ತರುವಾಯ ತಾನೇ ವಿದ್ಯಾಸ್ಥಾನವಾಯಿತು.

ಶರಣರು ಈ ಮಠಗಳ ಶಿಷ್ಯರೆಂದು ಹೇಳಲು ಆಧಾರವಿಲ್ಲ. ದೇವಾಲಯಕೇಂದ್ರಿತ ಆಚರಣೆಯನ್ನು ಅವರು ಮೀರಿ ನಡೆದವರು. ಆದರೆ ಸಕಲ ದರ್ಶನಗಳ ಮಾತು ಕಿವಿಗೆ ಬೀಳುತ್ತಿದ್ದ ಊರಿನಲ್ಲಿಯೇ ಮಾತಿನ ಮಿತಿಯನ್ನು ಕಂಡ ಪ್ರಭುದೇವರು ಮೂಡಿಬಂದುದು ಅರ್ಥಪೂರ್ಣವಾಗಿದೆ. ಬೀಜಕ್ಕೆ ತನ್ನದೇ ಶಕ್ತಿಯಿರುವುದು ನಿಜ. ಹದವಾದ ನೆಲವೂ ಬೇಕಷ್ಟೆ.

ವಚನಗಳನ್ನು ಓದುವವರು ಈ ಊರುಗಳನ್ನೂ ಒಮ್ಮೆ ಸಂದರ್ಶಿಸಬೇಕು. ಗ್ರಾಮಸ್ಥರು ಹೊಲಗದ್ದೆಗಳಲ್ಲಿ ದೊರೆಯುವ ಬರಹದ ಕಲ್ಲುಗಳನ್ನು ಕಟ್ಟಡಕ್ಕೆ ಬಳಸದೆ ಕಾಪಾಡಬೇಕು. ಒಂದು ಶಾಸನ ಒಡೆದರೆ ನಾಡಿನ ನೆನಪಿನಲ್ಲಿ ಒಂದು ಪುಟವೇ ಹರಿದಂತೆ. ಅದನ್ನು ಮರಳಿ ಬರೆಯಬಲ್ಲವರು ಯಾರೂ ಇಲ್ಲ.