ಬೂದಿದಿಬ್ಬದಿಂದ ಗೋಬರ್ ಗ್ಯಾಸಿನವರೆಗೆ: ಬಳ್ಳಾರಿ ಸೀಮೆಯ ಕಸದ ಚರಿತ್ರೆ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಎಂಬ ಊರು ಸಿಗುತ್ತದೆ. ಈ ಊರಿನ ಆಸುಪಾಸಿನಲ್ಲಿ ಎರಡು ಬಗೆಯ ಬೂದಿ ಇದೆ. ಒಂದು, 1700 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಉರಿದ ಕಲ್ಲಿದ್ದಲಿನ ಬೂದಿ. ಇನ್ನೊಂದು ಅದಕ್ಕಿಂತ ಸುಮಾರು ನಾಲ್ಕು ಸಾವಿರ ವರ್ಷ ಹಳೆಯದು. ದಿಬ್ಬವಾಗಿ ಬಿದ್ದಿರುವ ಬೂದಿ. ಮೊದಲನೆಯದು ಎಲ್ಲಿಂದ ಬಂತೆಂದು ನಿಮಗೆ ಗೊತ್ತು. ಎರಡನೆಯದು ಎಲ್ಲಿಂದ ಬಂತು?

ಈ ಪ್ರಶ್ನೆಗೆ ಉತ್ತರ ಹುಡುಕಲು ವಿದ್ವಾಂಸರಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಉತ್ತರವು ಇಂದಿನ ಗ್ರಾಮ ಪಂಚಾಯಿತಿಗಳೂ ನಗರಸಭೆಗಳೂ ಎದುರಿಸುತ್ತಿರುವ ಒಂದು ಸಮಸ್ಯೆಯ ಮೇಲೆ ಬೆಳಕು ಚೆಲ್ಲುತ್ತದೆ. ಕೊಳೆಯುವ ಕಸವನ್ನು ಏನು ಮಾಡಬೇಕು ಎಂಬುದೇ ಆ ಸಮಸ್ಯೆ.

ರಾಕ್ಷಸನ ಬೂದಿ, ದನದ ಬೂದಿ

ಕುಡತಿನಿಯ ದಿಬ್ಬ ಭೀಮನು ಕೊಂದ ಹಿಡಿಂಬಾಸುರನ ಬೂದಿ ಎಂದು ಜನ ಹೇಳುತ್ತಿದ್ದರು. ಹಂಪಿಯ ಬಳಿಯ ನಿಂಬಾಪುರದಲ್ಲಿ ಇಂಥದೇ ಇನ್ನೊಂದು ದಿಬ್ಬವಿದೆ. ಅದು ವಾಲಿಯನ್ನು ಸುಟ್ಟ ಜಾಗವೆಂದು ಪ್ರತೀತಿ. 19ನೆಯ ಶತಮಾನದಲ್ಲಿ ಇವುಗಳನ್ನು ಕಂಡ ಬ್ರಿಟಿಷ್ ಅಧಿಕಾರಿಗಳೂ ತಮ್ಮ ತಮ್ಮ ಊಹೆಗಳನ್ನು ಮುಂದಿಟ್ಟರು. ಜ್ವಾಲಾಮುಖಿಯ ಅವಶೇಷವಿರಬಹುದೆಂದು ಒಬ್ಬರು, ಕಬ್ಬಿಣ ಕರಗಿಸಿದ ಕಿಟ್ಟವೆಂದು ಇನ್ನೊಬ್ಬರು, ಸಾಮೂಹಿಕ ದಹನದ ಕುರುಹೆಂದು ಮತ್ತೊಬ್ಬರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ, ಇದು ದನದ ಸಗಣಿ ಸುಟ್ಟ ಬೂದಿ ಇರಬೇಕೆಂದು ಸೂಚಿಸಿದರು. ಹಲವರಿಗೆ ಅದು ಒಪ್ಪಿಗೆಯಾಗಲಿಲ್ಲ.

ಫೂಟ್ ಅವರ ಮಾತಿಗೆ ಬಲ ಬಂದದ್ದು 20ನೆಯ ಶತಮಾನದ ಮಧ್ಯದಲ್ಲಿ. 1957ರಲ್ಲಿ ಎಫ್. ಆರ್. ಆಲ್ಚಿನ್ ಅವರು ಈಗ ತೆಲಂಗಾಣಕ್ಕೆ ಸೇರಿರುವ ಉಟ್ನೂರಿನ ಬೂದಿದಿಬ್ಬವನ್ನು ಅಗೆದರು. ಅಲ್ಲಿ ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಗುಳಿಗಳು ಸಿಕ್ಕವು. ದನಗಳ ಗೊರಸಿನ ಗುರುತುಗಳೂ ಸಿಕ್ಕವು. ಪ್ರಯೋಗಾಲಯದ ಪರೀಕ್ಷೆಯೂ ಅದು ಸಗಣಿಯ ಬೂದಿ ಎಂಬುದನ್ನೇ ಸಮರ್ಥಿಸಿತು. ಕೆಲವು ಪದರಗಳು ಗಾಜಿನಂತೆ ಕರಗಿ ಗಟ್ಟಿಯಾಗಿರುವುದಕ್ಕೂ ವಿವರಣೆ ದೊರೆಯಿತು. ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ. ಹುಲ್ಲು ತಿಂದ ದನದ ಸಗಣಿಯಲ್ಲೂ ಅದು ಉಳಿಯುತ್ತದೆ. ದೊಡ್ಡ ರಾಶಿಗೆ ಬೆಂಕಿ ಬಿದ್ದು ಶಾಖ ಬಹಳವಾಗಿ ಏರಿದಾಗ ಸಿಲಿಕಾ ಬೂದಿಯ ಕ್ಷಾರದೊಡನೆ ಸೇರಿ ಕರಗುತ್ತದೆ.

ಬಳ್ಳಾರಿ ಸೀಮೆಯ ನವಶಿಲಾಯುಗದ ಜನ ದನ ಸಾಕಿದವರು. ನಗರದ ಮಗ್ಗುಲಿನ ಸಂಗನಕಲ್ಲಿನಲ್ಲಿ 1940ರ ದಶಕದಲ್ಲಿ ಬಿ. ಸುಬ್ಬರಾವ್ ಉತ್ಖನನ ನಡೆಸಿದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರಾ ಬೆಟ್ಟದ ಮೇಲಿನ ವಸತಿಯನ್ನು ಬೆಳಕಿಗೆ ತಂದರು. ಕುರುಗೋಡಿನ ಬೆಟ್ಟದಲ್ಲೂ ಅದೇ ಯುಗದ ನೆಲೆ ಇದೆ. ಈ ಸೀಮೆಯ ಆ ಕಾಲದ ಜನ ಕೊರಲೆಯಂಥ ಕಿರುಧಾನ್ಯ, ಹುರುಳಿ, ಹೆಸರುಗಳನ್ನು ಬಳಸುತ್ತಿದ್ದರೆಂದು ಸುಟ್ಟ ಕಾಳುಗಳಿಂದ ತಿಳಿದುಬಂದಿದೆ. ಅಂದರೆ ಅವರು ಬೇಸಾಯವನ್ನೂ ಬಲ್ಲವರು.

ಹಾಗಾದರೆ ಗೊಬ್ಬರವಾಗಬಹುದಾದ ಸಗಣಿಯನ್ನು ರಾಶಿ ಹಾಕಿ ಸುಟ್ಟದ್ದೇಕೆ? ದನಗಳ ಸಮೃದ್ಧಿಗಾಗಿ ಋತುವಿಗೊಮ್ಮೆ ನಡೆಸಿದ ಆಚರಣೆ ಇರಬೇಕೆಂದು ಆಲ್ಚಿನ್ ಭಾವಿಸಿದರು. ದೊಡ್ಡಿಯ ಪಕ್ಕ ಕಸ ಬೆಳೆದಾಗ ಸುಟ್ಟು ಶುಚಿ ಮಾಡಿದ್ದಿರಬಹುದೆಂದು ಬೇರೆ ವಿದ್ವಾಂಸರ ವಾದ. ಈ ಚರ್ಚೆ ಮುಗಿದಿಲ್ಲ. ಬಲಿಪಾಡ್ಯಮಿಯ ದಿನ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಇಂದಿಗೂ ಸಗಣಿಯಿಂದ ಪಾಂಡವರನ್ನು ಮಾಡಿ ಪೂಜಿಸುವುದನ್ನು ನೀವು ಕಂಡಿರಬಹುದು. ಸಗಣಿಯನ್ನು ಕಸವೆಂದು ಮಾತ್ರ ಕಾಣುವುದು ಈ ನಾಡಿನ ಹಳೆಯ ರೂಢಿಯಲ್ಲ ಎಂಬಷ್ಟನ್ನು ಇದರಿಂದ ಧೈರ್ಯವಾಗಿ ಹೇಳಬಹುದು.

ತಿಪ್ಪೆಯ ಲೆಕ್ಕ

ಸಗಣಿಯನ್ನು ಸುಟ್ಟರೆ ಏನಾಗುತ್ತದೆ ಎಂಬುದನ್ನು ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿ. ಇಂಗಾಲ ಹೊಗೆಯಾಗಿ ಹೋಗುತ್ತದೆ. ಸಾರಜನಕವೂ ಬಹುಪಾಲು ಗಾಳಿಗೆ ಸೇರುತ್ತದೆ. ಬೂದಿಯಲ್ಲಿ ಉಳಿಯುವುದು ರಂಜಕ, ಪೊಟ್ಯಾಷ್, ಸುಣ್ಣ, ಸಿಲಿಕಾ ಮುಂತಾದವು. ಕುಳ್ಳು ತಟ್ಟಿ ಒಲೆಗೆ ಹಾಕಿದಾಗಲೂ ನಡೆಯುವುದು ಇದೇ. ಅಡುಗೆ ಆಗುತ್ತದೆ, ಆದರೆ ಹೊಲಕ್ಕೆ ಸೇರಬೇಕಾದ ಸಾರಜನಕ ಹೋಗುತ್ತದೆ. ಒಲೆಯ ಮುಂದೆ ಕುಳಿತ ತಾಯಂದಿರ ಶ್ವಾಸಕೋಶಕ್ಕೆ ಹೊಗೆ ಹೋಗುತ್ತದೆ.

ಎರಡನೆಯ ದಾರಿ ತಿಪ್ಪೆ. ಎರೆ ಭೂಮಿಯ ರೈತ ತಿಪ್ಪೆಯನ್ನು ಕಾಪಾಡಿದ. ಕುರಿಮಂದೆಯನ್ನು ಹೊಲದಲ್ಲಿ ನಿಲ್ಲಿಸಿಕೊಂಡು ಅದಕ್ಕೆ ಪ್ರತಿಫಲವನ್ನೂ ಕೊಟ್ಟ. ಈ ತಿಳಿವಳಿಕೆಗೆ ವಿಜ್ಞಾನದ ರೂಪ ಕೊಡುವ ಕೆಲಸ 20ನೆಯ ಶತಮಾನದಲ್ಲಿ ನಡೆಯಿತು. ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿ ರೂಪಿಸಿದ ವಿಧಾನದಲ್ಲಿ ರಾಶಿಯನ್ನು ಆಗಾಗ ಮಗುಚಬೇಕಿತ್ತು. ಪಟ್ಟಣಗಳಿಗೆ ಒಗ್ಗುವ ಇನ್ನೊಂದು ವಿಧಾನ ನಮ್ಮ ಬೆಂಗಳೂರಿನಲ್ಲೇ ಹುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ 1939ರಲ್ಲಿ ಇದನ್ನು ರೂಪಿಸಿದರು. ಪಟ್ಟಣದ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರ ಪದರವಾಗಿ ತುಂಬಿ ಮಣ್ಣು ಮುಚ್ಚಿಬಿಟ್ಟರೆ ಕೆಲವೇ ತಿಂಗಳಲ್ಲಿ ಗೊಬ್ಬರ ಸಿದ್ಧ, ಮಗುಚುವ ಕೆಲಸವಿಲ್ಲ. ಪಠ್ಯಪುಸ್ತಕಗಳಲ್ಲಿ ಇದು ಇಂದಿಗೂ ‘ಬೆಂಗಳೂರು ವಿಧಾನ’ವೆಂದೇ ಹೆಸರಾಗಿದೆ.

ಇಲ್ಲಿ ಒಂದು ಕಹಿ ಸತ್ಯವನ್ನೂ ನೀವು ನೆನಪಿಡಬೇಕು. ಆ ಕಂದಕಗಳಿಗೆ ಮಲವನ್ನು ಹೊತ್ತು ತಂದವರು ಮನುಷ್ಯರು. ಜಾತಿಯ ಕಾರಣದಿಂದಲೇ ಆ ಕೆಲಸಕ್ಕೆ ಕಟ್ಟಿಹಾಕಲ್ಪಟ್ಟವರು. ಮಲ ಹೊರಿಸುವುದನ್ನು ನಿಷೇಧಿಸುವ ಕೇಂದ್ರ ಕಾಯಿದೆ ಬಂದದ್ದು 1993ರಲ್ಲಿ. ಇನ್ನೂ ಬಿಗಿಯಾದ ಕಾಯಿದೆ 2013ರಲ್ಲಿ. ಕಸದ ಚರಿತ್ರೆಯನ್ನು ಬರೆಯುವಾಗ ಕಸ ಏನಾಯಿತು ಎಂಬುದರ ಜೊತೆಗೆ, ಅದನ್ನು ಎತ್ತಿದ ಕೈ ಯಾರದು ಎಂದೂ ಕೇಳಲೇಬೇಕು.

ಮೂರನೆಯ ದಾರಿ

ಸುಟ್ಟರೆ ಶಾಖವುಂಟು, ಗೊಬ್ಬರ ಕಡಿಮೆ. ಕೊಳೆಸಿದರೆ ಗೊಬ್ಬರವುಂಟು, ಶಾಖ ಕೈಗೆ ಸಿಗದು. ಎರಡನ್ನೂ ಪಡೆಯುವ ದಾರಿ ಇಲ್ಲವೇ? ಗಾಳಿ ಸೋಕದ ತೊಟ್ಟಿಯಲ್ಲಿ ಸಗಣಿ ಮತ್ತು ನೀರನ್ನು ಸಮಪಾಲಿನಲ್ಲಿ ಕಲಸಿ ಬಿಟ್ಟರೆ, ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅನಿಲ ಉತ್ಪಾದಿಸುತ್ತವೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೀಥೇನ್, ಉಳಿದದ್ದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 35ರಿಂದ 40 ಲೀಟರ್ ಅನಿಲ ಸಿಗುತ್ತದೆ. ಸಾರಜನಕ ಹೊರಬರುವ ಬಗ್ಗಡದಲ್ಲೇ ಉಳಿಯುವುದರಿಂದ ಹೊಲಕ್ಕೂ ನಷ್ಟವಿಲ್ಲ.

ನಮ್ಮ ದೇಶದಲ್ಲಿ ಇದರ ಆರಂಭ 1897ರಲ್ಲಿ, ಮುಂಬಯಿಯ ಮಾಟುಂಗದ ಕುಷ್ಠರೋಗಿಗಳ ಆಶ್ರಯಧಾಮದಲ್ಲಿ. ಅಲ್ಲಿ ಶೌಚದ ತೊಟ್ಟಿಯ ಅನಿಲವನ್ನು ಹಿಡಿದು ಬಳಸಲಾಯಿತು. 1951ರಲ್ಲಿ ಜಶಭಾಯಿ ಪಟೇಲರು ಮೇಲೆ ಕೆಳಗೆ ತೇಲಾಡುವ ಡ್ರಮ್ಮಿನ ‘ಗ್ರಾಮಲಕ್ಷ್ಮಿ’ ಮಾದರಿಯನ್ನು ಸಿದ್ಧಪಡಿಸಿದರು. 1960ರ ದಶಕದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಅದನ್ನು ಹಳ್ಳಿಗಳಿಗೆ ಒಯ್ದಿತು. 1981-82ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜೈವಿಕ ಅನಿಲ ಯೋಜನೆ ಆರಂಭವಾಯಿತು. ಉತ್ತರ ಕನ್ನಡದ ಶಿರಸಿ ಭಾಗದಲ್ಲಿ ಮನೆಮನೆಯ ಗೋಬರ್ ಗ್ಯಾಸ್ ಚೆನ್ನಾಗಿ ಬೇರೂರಿತು. ಅಲ್ಲಿ ಕೊಟ್ಟಿಗೆಯಲ್ಲಿ ದನಗಳಿದ್ದವು, ನೀರಿತ್ತು, ತೋಟಕ್ಕೆ ಬಗ್ಗಡ ಬೇಕಿತ್ತು.

ಆದರೆ ಒಂದು ಪುಟ್ಟ ಮನೆ ಸ್ಥಾವರಕ್ಕೂ ನಾಲ್ಕೈದು ದನಗಳ ಸಗಣಿ ಬೇಕು. ದನವಿಲ್ಲದ ಕೂಲಿಕಾರನ ಗತಿಯೇನು? ಅವನ ಮನೆಯವರು ದಾರಿಯಲ್ಲಿ ಬಿದ್ದ ಸಗಣಿ ಆಯ್ದು ಕುಳ್ಳು ತಟ್ಟುತ್ತಿದ್ದರು. ಸಗಣಿಗೆ ಬೆಲೆ ಬಂದ ದಿನ ಅದೂ ಅವರ ಕೈ ತಪ್ಪಿಹೋಗುತ್ತದೆ. ಈ ಕಾರಣಕ್ಕೇ ಇಡೀ ಊರಿಗೆ ಒಂದು ಸಮುದಾಯ ಸ್ಥಾವರ ಎಂಬ ಆಲೋಚನೆ ಹುಟ್ಟಿತು.

ಪುರ ಗ್ರಾಮದ ಪಾಠ

ಈ ಆಲೋಚನೆಯ ದೊಡ್ಡ ಪ್ರಯೋಗ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ನಡೆಯಿತು. ನಡೆಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪನೆಯಾದ ‘ಅಸ್ತ್ರ’ ಕೇಂದ್ರ. ಅದರ ಹಿಂದಿದ್ದವರು ಪ್ರೊ. ಎ. ಕೆ. ಎನ್. ರೆಡ್ಡಿ. ಮೊದಲ ಪ್ರಯತ್ನ ಎಲ್ಲರ ಒಲೆಗೆ ಅನಿಲ ಕೊಡುವುದು. ಅದು ಸೋತಿತು. ಏಕೆಂಬುದನ್ನು ನೀವೇ ಲೆಕ್ಕ ಹಾಕಿ ನೋಡಬಹುದು.

ಊರಿನಲ್ಲಿ ಸುಮಾರು 460 ಜನ, ಸುಮಾರು 250 ದನಗಳು. ದನಗಳು ಹಗಲೆಲ್ಲ ಹೊರಗೆ ಮೇಯುವುದರಿಂದ ಕೊಟ್ಟಿಗೆಯಲ್ಲಿ ಸಿಗುವ ಸಗಣಿ ಒಂದಕ್ಕೆ ದಿನಕ್ಕೆ 5 ಕಿಲೋ ಎಂದುಕೊಳ್ಳಿ. ಒಟ್ಟು 1250 ಕಿಲೋ. ಕಿಲೋಗೆ 35 ಲೀಟರಿನಂತೆ ಸುಮಾರು 44 ಘನ ಮೀಟರ್ ಅನಿಲ. ಅಡುಗೆಗೆ ಒಬ್ಬರಿಗೆ ದಿನಕ್ಕೆ ಕಾಲು ಘನ ಮೀಟರ್ ಬೇಕೆಂದರೆ 460 ಜನಕ್ಕೆ 115 ಘನ ಮೀಟರ್! ಬೇಡಿಕೆಯ ಅರ್ಧಕ್ಕೂ ಸಾಲದು. ಕೆಲವರಿಗೆ ಕೊಟ್ಟು ಕೆಲವರಿಗೆ ಇಲ್ಲವೆಂದರೆ ಊರು ಒಪ್ಪೀತೇ?

ಆಗ ವಿಜ್ಞಾನಿಗಳು ಊರವರ ಮಾತಿಗೆ ಕಿವಿಗೊಟ್ಟರು. ಅವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. 1987ರಲ್ಲಿ ಯೋಜನೆಯ ದಿಕ್ಕು ಬದಲಾಯಿತು. ಅನಿಲವನ್ನು ಡೀಸೆಲ್ ಜೊತೆ ಉರಿಸುವ ಎಂಜಿನ್, ಅದಕ್ಕೆ 5 ಕಿಲೋವಾಟ್ ಜನರೇಟರ್. ಅದರಿಂದ ಕೊಳವೆಬಾವಿಯ ನೀರು, ಮನೆಗಳಿಗೆ ದೀಪ. ಸಗಣಿ ತಂದುಕೊಟ್ಟವರಿಗೆ ಕಿಲೋಗೆ 2 ಪೈಸೆ, ಜೊತೆಗೆ ಅವರವರ ಪಾಲಿನ ಬಗ್ಗಡ ವಾಪಸು. ಈ ಹಣ ಹೆಚ್ಚಾಗಿ ಹೆಂಗಸರ, ಮಕ್ಕಳ ಕೈ ಸೇರಿತು. ನಿರ್ವಹಣೆ ಊರವರದೇ. ಅದೇ ಅನಿಲ ಒಲೆಗೆ ಸಾಲದಿದ್ದರೂ ನೀರಿಗೆ, ಬೆಳಕಿಗೆ ಸಾಕಾಯಿತು. ಎಲ್ಲರಿಗೂ ಪಾಲು ಸಿಕ್ಕಿತು.

ಸ್ಥಾವರ ಸುಮಾರು ಒಂದು ದಶಕ ನಡೆದು ನಿಂತಿತು. ಹಾಗೆಂದು ಇದನ್ನು ವಿಫಲ ಎಂದು ತಳ್ಳಿಹಾಕಬೇಡಿ. ಹತ್ತು ವರ್ಷ ಒಂದು ಊರು ತನ್ನ ಕಸದಿಂದ ತನ್ನ ನೀರೆತ್ತಿತು ಎಂಬುದು ಸಣ್ಣ ಸಂಗತಿಯಲ್ಲ. ತೊಟ್ಟಿ, ಎಂಜಿನ್ ಕಟ್ಟಲು ಕೆಲವು ತಿಂಗಳು ಸಾಕು. ಆದರೆ ದಿನವೂ ಸಗಣಿ ಬರುವಂತೆ, ಬಾಕಿ ವಸೂಲಾಗುವಂತೆ, ಕೆಟ್ಟದ್ದು ಮರುದಿನವೇ ದುರಸ್ತಿಯಾಗುವಂತೆ ನೋಡಿಕೊಳ್ಳಲು ಒಂದು ಸಂಸ್ಥೆ ವರ್ಷಗಟ್ಟಲೆ ಜೀವಂತವಾಗಿರಬೇಕು.

ನಿಮ್ಮ ಪಂಚಾಯಿತಿ, ನಿಮ್ಮ ಪಾಲಿಕೆ

ಆ ಸಂಸ್ಥೆ ಯಾವುದು? ಸಂವಿಧಾನವೇ ಅದನ್ನು ಹೆಸರಿಸಿದೆ. 1992ರಲ್ಲಿ ಅಂಗೀಕಾರವಾಗಿ 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೆಯ ತಿದ್ದುಪಡಿಗಳನ್ನು ನೋಡಿ. 11ನೆಯ ಅನುಸೂಚಿಯಲ್ಲಿ ಅಸಾಂಪ್ರದಾಯಿಕ ಇಂಧನ ಮೂಲಗಳು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯ. 12ನೆಯದರಲ್ಲಿ ಘನತ್ಯಾಜ್ಯ ನಿರ್ವಹಣೆ ನಗರಾಡಳಿತಗಳಿಗೆ. ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯಿಂದಾಗಿ 2000ದಲ್ಲಿ ನಗರ ತ್ಯಾಜ್ಯದ ನಿಯಮಗಳು ಬಂದವು. 2016ರ ನಿಯಮಗಳು ಹಸಿ ಕಸ, ಒಣ ಕಸವನ್ನು ಮನೆಯಲ್ಲೇ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿದವು. 2018ರಲ್ಲಿ ಕೇಂದ್ರವು ‘ಗೋಬರ್‌ಧನ್’ ಯೋಜನೆಯನ್ನು ಆರಂಭಿಸಿತು. ಸ್ವಚ್ಛ ಭಾರತ ಮಿಷನ್ನಿನ ಎರಡನೆಯ ಹಂತದಲ್ಲಿ ಇಂಥ ಸಮುದಾಯ ಸ್ಥಾವರಗಳಿಗೆ ಜಿಲ್ಲೆಗೆ 50 ಲಕ್ಷ ರೂಪಾಯಿವರೆಗೆ ನೆರವು ಗೊತ್ತುಮಾಡಲಾಯಿತು.

ಈಗ ನಿಮ್ಮ ಊರುಗಳಿಗೇ ಬನ್ನಿ. ಬಳ್ಳಾರಿ ನಗರದ ತರಕಾರಿ ಮಾರುಕಟ್ಟೆ, ಹೋಟೆಲುಗಳ ಕಸ ಬೇಗ ಕೊಳೆಯುತ್ತದೆ. ಆದ್ದರಿಂದ ಅನಿಲಕ್ಕೆ ಒಳ್ಳೆಯ ಕಚ್ಚಾವಸ್ತು. ಆದರೆ ಅದರಲ್ಲಿ ಪ್ಲಾಸ್ಟಿಕ್ ಚೀಲ, ಗಾಜಿನ ಚೂರು ಸೇರಿದರೆ ಯಂತ್ರ ಕೆಡುತ್ತದೆ. ಅದಕ್ಕೂ ಮೊದಲು ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಸಿರುಗುಪ್ಪದಲ್ಲಿ ತುಂಗಭದ್ರೆಯ ಕಾಲುವೆಯಿಂದಾಗಿ ಭತ್ತವೇ ದೊಡ್ಡ ಬೆಳೆ. ಭತ್ತದ ತೂಕದಲ್ಲಿ ಐದನೆಯ ಒಂದು ಪಾಲು ಹೊಟ್ಟು. ಅದು ಒಣ ಪದಾರ್ಥ, ಅಕ್ಕಿ ಗಿರಣಿಯ ಬಾಯ್ಲರಿನಲ್ಲಿ ಉರಿಯಲು ತಕ್ಕದ್ದು, ತೊಟ್ಟಿಗಲ್ಲ. ಭತ್ತದ ಹುಲ್ಲೂ ಹಾಗೆಯೇ ತೊಟ್ಟಿಗೆ ಹಾಕಿದರೆ ತೇಲುತ್ತದೆ, ಬೇಗ ಕೊಳೆಯದು. ಕುರುಗೋಡು ಸೀಮೆಯ ಹಳ್ಳಿಗಳಲ್ಲಿ ದನದ ಸಗಣಿಯೇ ಆಧಾರವಾಗಬೇಕಾದರೆ, ಪುರದ ಲೆಕ್ಕವನ್ನು ಮೊದಲು ಮಾಡಬೇಕು. ಮೂರೂ ಕಡೆಗೆ ಒಂದೇ ನಕ್ಷೆಯ ಸ್ಥಾವರ ಹೊಂದದು.

ಒಂದು ಅಭ್ಯಾಸ ಮಾಡಿ ನೋಡಿ. ನಿಮ್ಮ ಬೀದಿಯಲ್ಲಿ ಎಷ್ಟು ದನಗಳಿವೆ, ಅವುಗಳ ಸಗಣಿ ಎಲ್ಲಿ ಹೋಗುತ್ತದೆ, ದನವಿಲ್ಲದ ಮನೆಗಳೆಷ್ಟು, ನಿಮ್ಮ ಮನೆಯ ಹಸಿ ಕಸ ದಿನಕ್ಕೆ ಎಷ್ಟು ಕಿಲೋ ಎಂದು ಒಂದು ವಾರ ಬರೆದಿಡಿ. ಗ್ರಾಮಸಭೆ ನಡೆಯುವ ದಿನ ಹೋಗಿ ಕುಳಿತುಕೊಳ್ಳಿ. ಸ್ಥಾವರದ ಪ್ರಸ್ತಾಪ ಬಂದರೆ ಮೂರು ಪ್ರಶ್ನೆ ಕೇಳಿ: ಅನಿಲ ಯಾರಿಗೆ, ಬಗ್ಗಡ ಯಾರಿಗೆ, ಮೂರನೆಯ ವರ್ಷ ಇದನ್ನು ನಡೆಸುವವರು ಯಾರು? ಕುಡತಿನಿಯ ದಿಬ್ಬ ಕಟ್ಟಿದವರು ಸಗಣಿಯನ್ನು ಏಕೆ ಸುಟ್ಟರೆಂದು ನಾವಿನ್ನೂ ಚರ್ಚಿಸುತ್ತಿದ್ದೇವೆ, ಏಕೆಂದರೆ ಅವರು ಬರೆದಿಟ್ಟು ಹೋಗಲಿಲ್ಲ. ನಿಮ್ಮ ಪಂಚಾಯಿತಿಯ ನಡಾವಳಿ ಪುಸ್ತಕದಲ್ಲಿ ಆ ಮೂರು ಉತ್ತರಗಳು ಬರಹವಾಗಿರಲಿ.