ಯಾವ ಇಲಾಖೆಯವರು? — ಐದು ತಾಲ್ಲೂಕುಗಳ ಅಭಿವೃದ್ಧಿಗೆ ಸಲಹೆ ಕೊಟ್ಟವರ ವೃತ್ತಿಪರಂಪರೆ

ಕೂಡ್ಲಿಗಿಯ ಕಡೆಯ ಯಾವ ಹಳ್ಳಿಗಾದರೂ ಅಪರಿಚಿತನೊಬ್ಬನು ಕಂಕುಳಲ್ಲಿ ಕಾಗದದ ಕಟ್ಟನ್ನಿಟ್ಟುಕೊಂಡು ಬಂದು ಕೆರೆಯ ಏರಿಯನ್ನೂ ಬೀಳುಬಿದ್ದ ಹೊಲಗಳನ್ನೂ ದಿಟ್ಟಿಸುತ್ತ ನಿಂತನೆಂದರೆ, ಕಟ್ಟೆಯ ಮೇಲೆ ಕುಳಿತ ಹಿರಿಯರು ಅವನ ಹೆಸರನ್ನಾಗಲಿ ಊರನ್ನಾಗಲಿ ಮೊದಲು ವಿಚಾರಿಸುವುದಿಲ್ಲ, "ಯಾವ ಇಲಾಖೆಯೋರು ರೀ ನೀವು?" ಎಂದು ಕೇಳುತ್ತಾರೆ. ಮೇಲ್ನೋಟಕ್ಕೆ ಇದು ಸರಕಾರಿ ನೌಕರನಲ್ಲದ ಮನುಷ್ಯನು ತಮ್ಮೂರಿಗೆ ಬರಲು ಕಾರಣವೇ ಇಲ್ಲವೆಂಬ ಅನುಭವದಿಂದ ಹುಟ್ಟಿದ ಪ್ರಶ್ನೆಯೆಂದು ತೋರಿದರೂ, ಸ್ವಲ್ಪ ವಿಚಾರ ಮಾಡಿದರೆ ಇದರಲ್ಲಿ ಸೂಕ್ಷ್ಮವಾದ ವಿವೇಕವೊಂದು ಅಡಗಿರುವುದು ಗೋಚರವಾಗುತ್ತದೆ. ಬಂದವನು ರೆವಿನ್ಯೂದವನಾದರೆ ಪಹಣಿಯ ಮಾತು ಬರುತ್ತದೆ, ನೀರಾವರಿಯವನಾದರೆ ತೂಬಿನ ಮಾತು ಬರುತ್ತದೆ, ಬ್ಯಾಂಕಿನವನಾದರೆ ಸಾಲದ ಮಾತು; ಊರು ಅದೇ, ಬಡತನವೂ ಅದೇ, ಆದರೆ ಔಷಧವು ಮಾತ್ರ ವೈದ್ಯನ ವಿದ್ಯೆಯನ್ನು ಅನುಸರಿಸಿ ಬದಲಾಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೆಂಬ ಈ ಐದು ತಾಲ್ಲೂಕುಗಳ ಏಳಿಗೆಗೆಂದು ಎರಡು ಶತಮಾನಗಳಿಂದ ಸಲಹೆ ಕೊಟ್ಟವರು ಮೂಲತಃ ಯಾವ ಯಾವ ಕಸುಬಿನವರಾಗಿದ್ದರೆಂಬುದನ್ನು ಕ್ರಮವಾಗಿ ನೋಡುತ್ತ ಬಂದರೆ ಈ ಮಾತಿಗೆ ದೃಷ್ಟಾಂತಗಳು ಹೇರಳವಾಗಿ ದೊರೆಯುತ್ತವೆ.

ಮೊದಲನೆಯವನು ಸಿಪಾಯಿ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ದತ್ತಮಂಡಲದ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, 1780ರಲ್ಲಿ ಮದರಾಸಿನಲ್ಲಿ ಹಡಗಿನಿಂದಿಳಿದದ್ದು ಕಾಲ್ದಳದ ಕೆಡೆಟ್ ಆಗಿ. ಗ್ಲಾಸ್ಗೋದ ವರ್ತಕನ ಮಗನಾದ ಆತನಿಗೆ ಕಂದಾಯದ ವಿದ್ಯೆ ಯಾವ ಪಾಠಶಾಲೆಯಿಂದಲೂ ಬಂದುದಲ್ಲ, ಬಾರಾಮಹಲಿನಲ್ಲಿ ಅಲೆಗ್ಸಾಂಡರ್ ರೀಡನ ಕೈಕೆಳಗೆ ಡೇರೆಯಿಂದ ಡೇರೆಗೆ ತಿರುಗುತ್ತ ಬಂದುದು. ಪಾಳೆಯಗಾರರನ್ನು ಅಡಗಿಸುವುದು ಸೈನಿಕನಾದವನಿಗೆ ಸಹಜವಾದ ಕೆಲಸವೇ ಆಗಿತ್ತು; ಆದರೆ ಹೊಲಹೊಲವನ್ನೂ ಅಳೆಯಿಸಿ, ರೈತನೊಬ್ಬೊಬ್ಬನೊಡನೆಯೂ ನೇರವಾಗಿ ಲೆಕ್ಕ ಹಚ್ಚಿ, ಕಡೆಗೆ 1807ರಲ್ಲಿ ಭೂಕಂದಾಯವನ್ನು ನೂರಕ್ಕೆ 25ರಂತೆ ಇಳಿಸಬೇಕೆಂದೂ ಕೆರೆ ಬಾವಿಗಳ ಭೂಮಿಗೆ ಇನ್ನೂ 8ರಂತೆ ಬಿಡಬೇಕೆಂದೂ ಆತನು ಬರೆದ ಸಲಹೆಯು ಸಿಪಾಯಿಯ ಬುದ್ಧಿಗೆ ಮೀರಿದ್ದೆಂದೇ ಹೇಳಬೇಕು. ಆಗಿನ ಸರಕಾರವು ಅದನ್ನು ಒಪ್ಪಲಿಲ್ಲ. ತಾನೇ ಮದರಾಸಿನ ಗವರ್ನರನಾಗಿ ಬಂದ ಮೇಲೆ ಆತನು ಅದನ್ನು ಜಾರಿಗೆ ತಂದನು. ತಾನು ಕೊಟ್ಟ ಸಲಹೆಯನ್ನು ತಾನೇ ಅಧಿಕಾರಕ್ಕೆ ಬಂದು ನಡೆಯಿಸುವ ಭಾಗ್ಯವು ಆತನ ತರುವಾಯ ಈ ನಾಡಿಗೆ ಬಂದ ಸಲಹೆಗಾರರಲ್ಲಿ ಪ್ರಾಯಶಃ ಯಾರಿಗೂ ಲಭಿಸಿಲ್ಲ.

1876ರಿಂದ 1878ರವರೆಗಿನ ಮಹಾಕ್ಷಾಮವು ಬಳ್ಳಾರಿ ಜಿಲ್ಲೆಯ ಮೇಲೆ ಎಂಥ ಹೊಡೆತವನ್ನು ಕೊಟ್ಟಿತೆಂಬುದಕ್ಕೆ ಖಾನೇಷುಮಾರಿಯ ಎರಡೇ ಅಂಕಿಗಳು ಸಾಕು: 1871ರಲ್ಲಿ ಸುಮಾರು 9 ಲಕ್ಷ 11 ಸಾವಿರವಿದ್ದ ಜನ 1881ರಲ್ಲಿ ಸುಮಾರು 7 ಲಕ್ಷ 26 ಸಾವಿರಕ್ಕೆ ಇಳಿದಿದ್ದರು. ಆ ಸಂಕಟದ ನಡುವೆ ಎರಡು ವಿದ್ಯೆಗಳು ಮುಖಾಮುಖಿಯಾದುವು. ಕಲ್ಕತ್ತೆಯಿಂದ ಬಂದ ಸರ್ ರಿಚರ್ಡ್ ಟೆಂಪಲ್ ಖಜಾನೆಯ ಕಣ್ಣಿನಿಂದ ನೋಡಿ, ಪರಿಹಾರದ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದಷ್ಟು ಕೂಲಿ ಸಾಕೆಂದನು; ಮದರಾಸಿನ ಆರೋಗ್ಯಾಧಿಕಾರಿ, ವೃತ್ತಿಯಿಂದ ವೈದ್ಯನಾದ ಡಾ. ಕಾರ್ನಿಷ್, ಮಣ್ಣು ಹೊರುವ ಶರೀರಕ್ಕೆ ಅಷ್ಟು ಅನ್ನ ಸಾಲದೆಂದು ಹಟ ಹಿಡಿದು ವಾದಿಸಿದನು. ಅಭಿವೃದ್ಧಿಯ ಸಲಹೆಗಾರರ ಚರಿತ್ರೆಯಲ್ಲಿ ಹೊಟ್ಟೆಯನ್ನು ಲೆಕ್ಕದ ಮೂಲವಾಗಿ ಹಿಡಿದ ಈ ವೈದ್ಯನಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲವೆಂದು ನನ್ನ ಭಾವನೆ. ತದನಂತರ ಕ್ಷಾಮಗಳ ಕಾರಣವನ್ನು ಶೋಧಿಸಲು ನೇಮಕವಾದ ಆಯೋಗಕ್ಕೆ ಅಧ್ಯಕ್ಷನಾದವನು ರಿಚರ್ಡ್ ಸ್ಟ್ರೇಚಿ, ಸೈನ್ಯದ ಎಂಜಿನಿಯರು. ಕೃಷಿತಜ್ಞ ಜೇಮ್ಸ್ ಕೇರ್ಡ್ ಅದರ ಸದಸ್ಯರಲ್ಲೊಬ್ಬನು. 1901ರ ನೀರಾವರಿ ಆಯೋಗದ ಅಧ್ಯಕ್ಷ ಸ್ಕಾಟ್ ಮಾಂಕ್ರೀಫನೂ ಎಂಜಿನಿಯರನೇ. ಹೀಗೆ ಕ್ಷಾಮವೆಂಬುದು ಮೆಲ್ಲಮೆಲ್ಲಗೆ ಕಂದಾಯದವರ ಕೈಯಿಂದ ಜಾರಿ ಎಂಜಿನಿಯರುಗಳ ಕೈಗೆ ಬಂದಿತು.

ಎಂಜಿನಿಯರುಗಳ ಯುಗಕ್ಕೆ ಹೋಗುವ ಮುನ್ನ ಒಬ್ಬ ಸಸ್ಯಶಾಸ್ತ್ರಜ್ಞನನ್ನು ನೆನೆಯದೆ ಮುಂದಡಿಯಿಡಲು ಮನಸ್ಸೊಪ್ಪುವುದಿಲ್ಲ. ಸ್ಕಾಟ್ಲೆಂಡಿನ ಡಂಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದುಕೊಂಡೇ ನಗರಗಳ ವೈದ್ಯನಾದ ಪ್ಯಾಟ್ರಿಕ್ ಗೆಡ್ಡೆಸ್ ತನ್ನ ನಗರ ಪ್ರದರ್ಶನದೊಡನೆ ಮದರಾಸಿಗೆ ಬಂದು, ಆ ಆಧಿಪತ್ಯದ ಪಟ್ಟಣಗಳನ್ನು ಸುತ್ತಿ 1915ರಲ್ಲಿ ಬರೆದ ವರದಿಗಳಲ್ಲಿ ಬಳ್ಳಾರಿಯದೂ ಒಂದು. ಹಳೆಯ ಕೇರಿಗಳನ್ನು ನೆಲಸಮ ಮಾಡಿ ನೇರವಾದ ಬೀದಿಗಳನ್ನೆಳೆಯುವ ಅಂದಿನ ಎಂಜಿನಿಯರುಗಳ ಉತ್ಸಾಹಕ್ಕೆ ಇದಿರಾಗಿ, ಕೆಟ್ಟುಹೋದ ಒಂದೆರಡು ಮನೆಗಳನ್ನಷ್ಟೇ ತೆಗೆದು, ಅಲ್ಲೊಂದು ಮರ ನೆಟ್ಟು, ಬಾವಿಯನ್ನು ಶುಚಿಗೊಳಿಸಿ, ಉಳಿದುದನ್ನು ಅದರ ಪಾಡಿಗೆ ಬೆಳೆಯಗೊಡಬೇಕೆಂಬ ಆತನ ಉಪಾಯವು, ರೋಗಿಯ ಕೈಯನ್ನು ಕತ್ತರಿಸದೆ ಹುಣ್ಣನ್ನು ಮಾತ್ರ ಕೆತ್ತುವ ಶಸ್ತ್ರವೈದ್ಯನ ಉಪಾಯವಾಗಿತ್ತು. ಊರು ಗಿಡದಂತೆ ಬೇರಿನಿಂದ ಬೆಳೆಯತಕ್ಕದ್ದೆಂಬ ತಿಳಿವು ಗಿಡಗಳನ್ನು ಓದಿದವನಿಗೆ ಬಾರದೆ ಇನ್ನಾರಿಗೆ ಬಂದೀತು? ಇಂದು ಪುನರುಜ್ಜೀವನವೆಂಬ ಹೆಸರಿನಿಂದ ನಡೆಯುವ ವೃತ್ತಿಗೆ ಜಗತ್ತಿನಲ್ಲಿಯೇ ಮೂಲಪುರುಷರಲ್ಲೊಬ್ಬನೆನಿಸಿದ ಈತನು ನಮ್ಮ ಜಿಲ್ಲೆಯ ಬೀದಿಗಳಲ್ಲಿ ನಡೆದಾಡಿದ್ದನೆಂಬುದನ್ನು ಇಲ್ಲಿಯವರೇ ಮರೆತಿದ್ದಾರೆ.

ತುಂಗಭದ್ರೆಗೆ ಅಡ್ಡಲಾಗಿ ಕಟ್ಟೆ ಕಟ್ಟಬೇಕೆಂಬ ಯೋಚನೆಯನ್ನು ಸರ್ ಆರ್ಥರ್ ಕಾಟನ್ 1860ರಲ್ಲಿಯೇ ಮುಂದಿಟ್ಟಿದ್ದನು. ಮದರಾಸು ಮತ್ತು ಹೈದರಾಬಾದು ಸರಕಾರಗಳು ಒಪ್ಪಂದಕ್ಕೆ ಬಂದು 1945ರ ಫೆಬ್ರವರಿಯಲ್ಲಿ ತಳಪಾಯ ಹಾಕಿ, 1953ರ ಜುಲೈನಲ್ಲಿ ಕಾಲುವೆಗೆ ನೀರು ಬಿಡುವ ಹೊತ್ತಿಗೆ ಸುಮಾರು ಒಂದು ಶತಮಾನವೇ ಸರಿದಿತ್ತು. ಎಂ. ಎಸ್. ತಿರುಮಲೆ ಅಯ್ಯಂಗಾರರಂಥ ಎಂಜಿನಿಯರುಗಳ ಸಾಮರ್ಥ್ಯವನ್ನು ಕಡಿಮೆಯೆನ್ನಲು ಯಾವನಿಗೂ ಬಾಯಿ ಬಾರದು. ಆದರೂ ನಮ್ಮ ಐದು ತಾಲ್ಲೂಕುಗಳ ಕಡೆಯಿಂದ ನೋಡಿದಾಗ ಇದರಲ್ಲೊಂದು ವಿಪರ್ಯಾಸ ಕಾಣುತ್ತದೆ: ನೀರು ಸದಾ ಇಳಿಜಾರಿಗೆ ಹರಿಯುವುದರಿಂದ ಕಾಲುವೆಗಳು ಅಣೆಕಟ್ಟಿನಿಂದ ಕೆಳಕ್ಕೆ, ಪೂರ್ವದ ಬಯಲಿಗೆ ಹೋದುವು, ಹಡಗಲಿ, ಹಗರಿಬೊಮ್ಮನಹಳ್ಳಿಗಳ ಸೀಮೆ ಹಿನ್ನೀರಿನ ಪಾಲಿಗೆ ಬಂದಿತು. ಆ ಸೀಮೆಯಲ್ಲಿ ಅಂದು ಇದ್ದ ಮಲ್ಲಾಪುರ ಉಪತಾಲ್ಲೂಕೆಂಬ ಹೆಸರೇ ಈಗ ಬಳಕೆಯಲ್ಲಿಲ್ಲ. ಮನೆ ಹೊಲಗಳನ್ನು ಕಳೆದುಕೊಂಡವರಿಗೆ ಪರಿಹಾರವೆಷ್ಟೆಂಬುದನ್ನು ಲೆಕ್ಕ ಹಾಕುವವರಿದ್ದರೇ ಹೊರತು, ಊರೊಂದು ಸ್ಥಳ ಬಿಟ್ಟು ಎದ್ದು ಹೋಗಿ ಇನ್ನೊಂದೆಡೆ ಬೇರೂರುವುದು ಹೇಗೆಂಬುದನ್ನು ಅರಿತವರಾರೂ ಆ ಕಾಲದ ಯೋಜನಾ ತಂಡಗಳಲ್ಲಿ ಇರುತ್ತಿರಲಿಲ್ಲ. ಅಮೆರಿಕದಲ್ಲಿ 1933ರಲ್ಲಿ ಸ್ಥಾಪಿತವಾಗಿ ನಮ್ಮವರಿಗೆಲ್ಲ ಮಾದರಿಯಾದ ಟೆನೆಸಿ ಕಣಿವೆಯ ಪ್ರಾಧಿಕಾರದ ಮೊದಲ ಮೂವರು ನಿರ್ದೇಶಕರಲ್ಲಿ ಒಬ್ಬನು ಎಂಜಿನಿಯರು, ಒಬ್ಬನು ಕೃಷಿವಿಜ್ಞಾನಿ, ಒಬ್ಬನು ವಕೀಲ; ನಾವು ಅವರ ಕಟ್ಟೆಯನ್ನು ಅನುಕರಿಸಿದೆವು, ಅವರ ತ್ರಯವನ್ನಲ್ಲ.

ಮೇಲ್ಬದಿಯ ಈ ತಾಲ್ಲೂಕುಗಳಿಗೆ ನೀರು ಬರಬೇಕಾದರೆ ಅದನ್ನು ಎತ್ತಿಯೇ ತರಬೇಕು. ಹಮ್ಮಿಗಿಯ ಬಳಿ ನದಿಯನ್ನು ತಡೆದ ಸಿಂಗಟಾಲೂರು ಏತ ನೀರಾವರಿಯಿಂದ ಹಡಗಲಿಯ ಹೊಲಗಳಿಗೆ ನೀರು ಬಂದದ್ದು, ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಕೊಳವೆಗಳಲ್ಲಿ ತುಂಬಿಸುವ ಯೋಜನೆ ಹುಟ್ಟಿದ್ದು, ಇವೆಲ್ಲ ಪಂಪು ಮತ್ತು ವಿದ್ಯುತ್ತಿನ ವಿದ್ಯೆ ಬಲಿತ ಮೇಲೆ. ಹಳ್ಳ ತುಂಬಿ ಹರಿದರೆ ತುಂಬುವ, ಹರಿಯದಿದ್ದರೆ ಬರಿದಾಗಿಯೇ ಇರುವ ಮಾಲವಿ ಜಲಾಶಯವನ್ನು ಕಂಡವರಿಗೆ, ಮಳೆಯ ಲೆಕ್ಕವನ್ನು ಬಲ್ಲವನು ಕಲ್ಲುಗಾರೆಯ ಲೆಕ್ಕವನ್ನು ಬಲ್ಲವನಿಗಿಂತ ಮುಂಚೆ ಬರಬೇಕಾಗಿತ್ತೆನ್ನಿಸಿದರೆ ಆಶ್ಚರ್ಯವಿಲ್ಲ.

ಕೃಷಿವಿಜ್ಞಾನಿಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಬಳ್ಳಾರಿಯ ಸಮೀಪದ ಹಗರಿಯಲ್ಲಿ 1906ರಿಂದ ನಡೆದುಬಂದ ಸಂಶೋಧನಾ ಕ್ಷೇತ್ರವೂ, 1954ರಲ್ಲಿ ಬಳ್ಳಾರಿಯಲ್ಲಿ ತೆರೆದ ಮಣ್ಣು ಸಂರಕ್ಷಣಾ ಕೇಂದ್ರವೂ ಒಣಬೇಸಾಯಕ್ಕೂ ಬದುವಿನ ನಿರ್ಮಾಣಕ್ಕೂ ಮಾಡಿದ ಉಪಕಾರ ದೊಡ್ಡದು. ಆದರೆ ಅವುಗಳ ದೃಷ್ಟಿ ಮುಖ್ಯವಾಗಿ ಎರೆಭೂಮಿಯ ಮೇಲಿತ್ತು, ಕೂಡ್ಲಿಗಿ ಹರಪನಹಳ್ಳಿಗಳದು ಬಹುಮಟ್ಟಿಗೆ ಮಸಾರಿ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆಯಷ್ಟೆ. ಆ ಹೂವನ್ನು ತಲೆಮಾರುಗಳಿಂದ ಬೆಳೆದುಕೊಂಡು ಬಂದವರು ಯಾವ ತಜ್ಞನನ್ನೂ ಕೇಳಿ ಬೆಳೆದವರಲ್ಲ.

ಅರ್ಥಶಾಸ್ತ್ರಜ್ಞನು ಈ ರಂಗಕ್ಕೆ ಬಂದುದು ತಡವಾಗಿ, ಆದರೆ ಬಂದುದು ರಾಜಗಾಂಭೀರ್ಯದಿಂದ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಬೆಂಗಳೂರು ವಿಶ್ವವಿದ್ಯಾಲಯದಲ್ಲಿಯೂ ಕುಲಪತಿಗಳಾಗಿದ್ದ ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ 2000ದಲ್ಲಿ ನೇಮಕವಾದ ಉನ್ನತಾಧಿಕಾರ ಸಮಿತಿಯು 2002ರಲ್ಲಿ ಒಪ್ಪಿಸಿದ ವರದಿಯು ರಾಜ್ಯದ 175 ತಾಲ್ಲೂಕುಗಳನ್ನು 35 ಸೂಚಕಗಳ ತಕ್ಕಡಿಯಲ್ಲಿ ತೂಗಿ, 114 ತಾಲ್ಲೂಕುಗಳನ್ನು ಹಿಂದುಳಿದುವೆಂದೂ ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದುವೆಂದೂ ನಿರ್ಣಯಿಸಿತು; ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳನ್ನು ವೆಚ್ಚ ಮಾಡಬೇಕೆಂದು ಹೇಳಿತು. ಕೂಡ್ಲಿಗಿ ಹರಪನಹಳ್ಳಿಗಳು ಅತ್ಯಂತ ಹಿಂದುಳಿದ ಪಟ್ಟಿಗೂ, ಹಡಗಲಿ ಹಗರಿಬೊಮ್ಮನಹಳ್ಳಿಗಳು ಅದಕ್ಕಿಂತ ಒಂದು ಮೆಟ್ಟಲು ಮೇಲಣ ಪಟ್ಟಿಗೂ ಸೇರಿದುವು. ಆ ತನಕ ಬಡತನವು ಒಂದು ದೂರಾಗಿತ್ತು, ಅಹವಾಲಾಗಿತ್ತು. ಈಗ ಅದು ದಶಾಂಶವಾಯಿತು, ಮತ್ತು ವಿಧಾನಸೌಧದಲ್ಲಿ ದಶಾಂಶಕ್ಕಿರುವ ಬೆಲೆ ಅಹವಾಲಿಗೆ ಎಂದೂ ಇದ್ದಿಲ್ಲ. ಇದು ನಂಜುಂಡಪ್ಪನವರ ಮಹೋಪಕಾರ. ಆದರೆ ಸೂಚ್ಯಂಕಕ್ಕೆ ತಾಲ್ಲೂಕಿನ ಗಡಿಯೇ ಕಣ್ಣಿನ ಗಡಿ. ಆಗಿನ್ನೂ ಕೂಡ್ಲಿಗಿಯೊಳಗೇ ಇದ್ದ ಕೊಟ್ಟೂರು, ಗುರುಬಸವೇಶ್ವರನ ತೇರಿಗೆ ಲಕ್ಷಾಂತರ ಜನ ನೆರೆಯುವ, ತನ್ನದೇ ಆದ ಸಂತೆ ಪೇಟೆಗಳುಳ್ಳ ಪಟ್ಟಣವಾಗಿದ್ದರೂ, ಆ ಕೋಷ್ಟಕದಲ್ಲಿ ಅದಕ್ಕೆ ಬೇರೆ ಸಾಲಿಲ್ಲ.

ಹರಪನಹಳ್ಳಿಯ ಕಥೆಯು ಇನ್ನೂ ವಿಚಿತ್ರ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದನ್ನು ಅತ್ತ ಸೇರಿಸಿದರು; 2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ 371(ಜೆ) ವಿಧಿಯ ವಿಶೇಷ ಸವಲತ್ತು ಹೈದರಾಬಾದು ಕರ್ನಾಟಕದ ಜಿಲ್ಲೆಗಳಿಗೆ ದೊರೆತಾಗ, ಮಳೆ ಮಣ್ಣು ಗುಳೆ ಎಲ್ಲವೂ ಹಡಗಲಿಯಂತೆಯೇ ಇದ್ದರೂ ಅದು ಹೊರಗುಳಿಯಿತು; ಜನರ ಹೋರಾಟದ ಫಲವಾಗಿ 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರೊಡನೆ ಹೊಸ ವಿಜಯನಗರ ಜಿಲ್ಲೆಗೆ ಬಂದಿತು. ಈ ಅವಧಿಯುದ್ದಕ್ಕೂ ಹರಪನಹಳ್ಳಿಗೆ ಬೇಕಾಗಿದ್ದ ಸಲಹೆಗಾರನು ಎಂಜಿನಿಯರೂ ಅಲ್ಲ, ಅರ್ಥಶಾಸ್ತ್ರಜ್ಞನೂ ಅಲ್ಲ, ಕಾನೂನು ಬಲ್ಲವನು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ವಿಭಾಗದಲ್ಲಿದ್ದು ಈ ಭಾಗದ ಹಿಂದುಳಿದಿರುವಿಕೆಯನ್ನು ಕನ್ನಡದಲ್ಲಿಯೇ ಬರೆದು ಚರ್ಚೆಗೆ ತಂದ ಟಿ. ಆರ್. ಚಂದ್ರಶೇಖರರಂಥವರು, ಇಂಗ್ಲಿಷ್ ವರದಿಗಳು ಮುಟ್ಟದ ಓದುಗರನ್ನು ಮುಟ್ಟಿದರೆಂಬುದನ್ನೂ ಇಲ್ಲಿ ಹೇಳಬೇಕು.

ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಮೊದಲಾದ ಕೆರೆ ಅಭಿವೃದ್ಧಿಯ ಯೋಜನೆಯು ಬಳ್ಳಾರಿ ಜಿಲ್ಲೆಗೂ ಬಂದಾಗ ಸಮಾಜಕಾರ್ಯವನ್ನು ಓದಿದವರ ಹೊಸ ತಂಡವೊಂದು ಕಾಣಿಸಿಕೊಂಡಿತು. ಹೂಳೆತ್ತುವುದಕ್ಕಿಂತ ಮೊದಲು ಸಂಘ ಕಟ್ಟಬೇಕೆಂಬುದು ಅವರ ಶಾಸ್ತ್ರ. ತೂಬಿನ ಕೀಲಿಯನ್ನು ಹಿಡಿದು ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ತೀರ್ಮಾನಿಸುತ್ತಿದ್ದ ನೀರಗಂಟಿಯ ಕೆಲಸವನ್ನೇ ಅವರು ಪ್ರಾತ್ಯಕ್ಷಿಕೆಗಳ ಮೂಲಕ ಊರವರಿಗೆ ಮತ್ತೆ ಕಲಿಸುತ್ತಿದ್ದರೆಂದರೆ ಕುಹಕವಾದೀತು, ಆದರೆ ಸುಳ್ಳಾಗಲಾರದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ಮಾತ್ರ ಅನಿರೀಕ್ಷಿತವಾದ ಸಂಗತಿ ನಡೆಯಿತು: ನೀರಾವರಿಯ ಕೆರೆಯಲ್ಲಿ ಬೆಳೆದು ನಿಂತ ಜಾಲಿಮರಗಳ ಮೇಲೆ ಹಕ್ಕಿಗಳು ಬೀಡುಬಿಟ್ಟುವು, ಅದು ಪಕ್ಷಿ ಸಂರಕ್ಷಣಾ ಮೀಸಲಾಗಿ, 2024ರಲ್ಲಿ ರಾಮ್ಸರ್ ಪಟ್ಟಿಗೆ ಏರಿತು.

ಬಳ್ಳಾರಿ ಸೀಮೆಯ ಗಣಿಗಾರಿಕೆಯ ದುರಂತವು ನ್ಯಾಯಮೂರ್ತಿಗಳನ್ನು ಕರೆತಂದಿತು. ಲೋಕಾಯುಕ್ತ ಸಂತೋಷ ಹೆಗ್ಡೆಯವರ 2011ರ ವರದಿ, ಸರ್ವೋಚ್ಚ ನ್ಯಾಯಾಲಯದ ಆದೇಶಗಳು, ಡೆಹರಾಡೂನಿನ ಅರಣ್ಯ ಸಂಶೋಧನಾ ಪರಿಷತ್ತಿನ ಪರಿಸರಾಧ್ಯಯನ, ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸ್ಥಾಪಿತವಾದ ನಿಗಮ, ಅದರ ಸುಮಾರು 25 ಸಾವಿರ ಕೋಟಿ ರೂಪಾಯಿಗಳ ಯೋಜನೆ, ಅದರ ಮೇಲುಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರು: ಈ ಪರಂಪರೆಯಲ್ಲಿ ಅಭಿವೃದ್ಧಿಯೆಂಬುದು ದಾನವಲ್ಲ, ಋಣಪರಿಹಾರ. ಈ ಭಾವವು ನ್ಯಾಯಪೀಠದಿಂದಲ್ಲದೆ ಬೇರೆಡೆಯಿಂದ ಬರುವುದು ಕಷ್ಟವಾಗಿತ್ತು.

ಈಗಿನ ಕಾಲದ ಸಲಹೆಗಾರನು ವ್ಯಕ್ತಿಯಲ್ಲ, ಸಂಸ್ಥೆ. ಟೆಂಡರು ಕರೆದು, ಡಿಪಿಆರ್ (ವಿವರವಾದ ಯೋಜನಾ ವರದಿ) ಎಂಬ ಮೂರಕ್ಷರದ ಗ್ರಂಥವನ್ನು ಬರೆಯಿಸುತ್ತಾರೆ. ಅದರಲ್ಲಿ ತಂಡದ ನಾಯಕ, ಜಲವಿಜ್ಞಾನಿ, ಉಪಗ್ರಹ ನಕ್ಷೆಯ ತಜ್ಞ, ಹಣಕಾಸಿನ ತಜ್ಞ, ಸಮಾಜ ತಜ್ಞ ಎಂದು ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲುಗಳುಂಟು. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರುಗಳು ಅಲ್ಲಿ ಎರಡನೆಯ ಜನ್ಮವನ್ನು ಪಡೆಯುತ್ತಾರೆ. ಮ್ಯಾನೇಜ್‌ಮೆಂಟ್ ಓದಿದ ತರುಣರು ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಚಿತ್ರಪಟಗಳನ್ನು ಸಿದ್ಧಪಡಿಸುತ್ತಾರೆ. ನಂಜುಂಡಪ್ಪನವರ ಲೆಕ್ಕವನ್ನು ಹೊಸದಾಗಿ ಮಾಡಲೆಂದು 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸರಕಾರವು ಮತ್ತೊಂದು ಸಮಿತಿಯನ್ನು ನೇಮಿಸಿದ್ದರಿಂದ, ಕೊಟ್ಟೂರಿಗೂ ತನ್ನದೊಂದು ಸಾಲು ದೊರೆಯುವ ಕಾಲ ಬಂದಿತು.

ಇಂಥ ವರದಿಗಳ ಅಡಿಪಾಯವಾದ ಮನೆಮನೆಯ ಸಮೀಕ್ಷೆಗೆ ಬರುವವರಲ್ಲಿ ಅನೇಕರು ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಕಾಲೇಜುಗಳಲ್ಲಿ ಬಿ.ಎ. ಮುಗಿಸಿದ ಹುಡುಗ ಹುಡುಗಿಯರು, ನಮೂನೆಯೊಂದಕ್ಕೆ ಇಷ್ಟೆಂಬ ಕೂಲಿಯ ಮೇಲೆ ಟ್ಯಾಬ್ ಹಿಡಿದು ಬಿಸಿಲಲ್ಲಿ ತಿರುಗುವವರು. ಯಾವ ಮನೆಯವರು ಕಾಫಿ ಸೀಮೆಗೆ ಗುಳೆ ಹೋಗಿದ್ದಾರೆ, ಯಾವ ಕೊಳವೆಬಾವಿ ಯಾವ ವರ್ಷ ಬತ್ತಿತು, ಬೀಗ ಹಾಕಿದ ಮನೆಯ ಮುದುಕಿ ಯಾರ ಮನೆಯಲ್ಲಿ ಉಣ್ಣುತ್ತಾಳೆ ಎಂಬುದೆಲ್ಲ ಅವರಿಗೆ ಕೇಳದೆಯೇ ಗೊತ್ತಿರುತ್ತದೆ. ಟ್ಯಾಬಿನಲ್ಲಿ ಅದಕ್ಕೆ ಖಾನೆ ಇಲ್ಲದ್ದರಿಂದ, ಬೀಗ ಹಾಕಿದೆ ಎಂಬ ಗುಂಡಿಯನ್ನೊತ್ತಿ ಮುಂದಿನ ಬಾಗಿಲಿಗೆ ಹೋಗುತ್ತಾರೆ. ಕಟ್ಟೆಯ ಮೇಲಣ ಹಿರಿಯರು ಅವರನ್ನು ಮಾತ್ರ ಯಾವ ಇಲಾಖೆಯೆಂದು ಕೇಳುವುದಿಲ್ಲ, "ಯಾರ ಮಗನಪ್ಪಾ ನೀನು?" ಎನ್ನುತ್ತಾರೆ.